ಒಬ್ಬರ ಭಾವ ಇನ್ನೊಬ್ಬರಿಗೆ ದಾಟಿತು ಅಂತ ಎರಡು ಇಇಜಿ ಟೋಪಿಯಿಂದ ತೋರಿಸೋದು ಹೇಗೆ?

ಆಲ್ಫಾ_ಅಲೆ

ಯೋಜನೆ ಇಷ್ಟು. ಒಂದೇ ಕಂಪನಿಯ ಎರಡು 32 ಚಾನೆಲ್ ಇಇಜಿ (ತಲೆ ಮೇಲಿಂದ ಮಿದುಳಿನ ವಿದ್ಯುತ್ ಅಲೆ ಅಳೆಯೋದು) ಆಂಪ್ಲಿಫೈಯರ್, ಎರಡೂ ಸೆಕೆಂಡಿಗೆ 500 ಸ್ಯಾಂಪಲ್. 24 ಜೋಡಿ ಸ್ನೇಹಿತರು. ಜೋಡಿಯಲ್ಲಿ ಒಬ್ಬರು (ಕಳಿಸುವವರು ಅನ್ನೋಣ) ನಗು ಬರಿಸುವ, ಅಳು ಬರಿಸುವ ವಿಡಿಯೊ ತುಣುಕು ನೋಡ್ತಾರೆ. ಎದುರಿಗೆ ಕೂತವರು (ಪಡೆಯುವವರು) ತುಣುಕು ನೋಡಲ್ಲ, ಅವರ ಮುಖ ಮಾತ್ರ ನೋಡ್ತಾರೆ. ಆಮೇಲೆ 8–12 ಹರ್ಟ್ಸ್ ಆಲ್ಫಾ ಅಲೆಯಲ್ಲಿ ಇಬ್ಬರ ನಡುವೆ ಫೇಸ್ ಲಾಕಿಂಗ್ ವ್ಯಾಲ್ಯೂ (ಇಬ್ಬರ ಅಲೆಯ ಫೇಸ್, ಅಂದರೆ ಸುತ್ತಿನಲ್ಲಿ ಅಲೆ ಇರೋ ಹಂತ, ಎಷ್ಟು ಸ್ಥಿರ ಅಂತರದಲ್ಲಿ ಓಡುತ್ತೆ ಅನ್ನೋ ಅಳತೆ), ಅಂದರೆ ಪಿಎಲ್‌ವಿ, ಲೆಕ್ಕ ಹಾಕೋದು. ಸುಮ್ಮನೆ ಕೂತಾಗಿನದಕ್ಕಿಂತ ಜಾಸ್ತಿ ಬಂದರೆ ಭಾವ ದಾಟಿದೆ ಅನ್ನೋದು.

ಎಲ್ಲಿ ತಪ್ಪಿದೆ ಹೇಳಿ. ರೆಕಾರ್ಡಿಂಗ್ ಶುರುವಾಗೋ ಮುಂಚೆ ಬೈಸಿಕೊಂಡರೆ ಅಗ್ಗ.

ಸುಳ್ಳುಜೋಡಿ

ಬೈಯೋಕೇನಿಲ್ಲ, ಆದರೆ ಕೊನೇ ವಾಕ್ಯ ನಿಲ್ಲಲ್ಲ. ಇಬ್ಬರ ಅಲೆ ಹೊಂದಿದ್ದು ಒಂದು ಸಂಗತಿ, ಭಾವ ದಾಟಿದ್ದು ಇನ್ನೊಂದು.

2004ರಲ್ಲಿ ಉರಿ ಹ್ಯಾಸನ್ ತಂಡ ಐದು ಜನರಿಗೆ ಎಂಆರ್‌ಐ ಯಂತ್ರದೊಳಗೆ ಒಬ್ಬೊಬ್ಬರಾಗಿ ಒಂದೇ ಸಿನಿಮಾದ ಅರ್ಧ ಗಂಟೆ ತೋರಿಸಿತು. ಅವರು ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಆದರೂ ಮಿದುಳಿನ ಹೊರಪದರದ ಏರಿಳಿತ ಒಬ್ಬರದು ಇನ್ನೊಬ್ಬರದಕ್ಕೆ ದೊಡ್ಡ ಪ್ರಮಾಣದಲ್ಲಿ ತಾಳೆಯಾಯಿತು. ಒಂದೇ ಬೆಳಕು, ಒಂದೇ ಸದ್ದು ಇಬ್ಬರ ಮೇಲೆ ಬಿದ್ದರೆ ಸಾಕು, ಹೊಂದಾಣಿಕೆ ಬರುತ್ತೆ. ಇದಕ್ಕೂ ಹಿಂದೆ 1965ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅವಳಿಗಳ ಇಇಜಿ ಬಗ್ಗೆ ಒಂದು ಲೇಖನ ಬಂತು. ಒಬ್ಬರು ಕಣ್ಣು ಮುಚ್ಚಿದರೆ ಬೇರೆ ಕೋಣೆಯಲ್ಲಿರುವ ಇನ್ನೊಬ್ಬರಲ್ಲೂ ಆಲ್ಫಾ ಏಳುತ್ತೆ ಅಂತ, 15 ಜೋಡಿಯಲ್ಲಿ 2 ಜೋಡಿಯಲ್ಲಿ. ಎರಡು ತಲೆ ಒಟ್ಟಿಗೆ ಅಳೆಯುವ ಪದ್ಧತಿ ಶುರುವಾದದ್ದೇ ಇಂಥ ಮುಗ್ಗರಿಕೆಯಿಂದ ಅಂತ ಇಟ್ಕೊಳ್ಳಿ. ಹೈಪರ್‌ಸ್ಕ್ಯಾನಿಂಗ್ ಅನ್ನೋ ಹೆಸರು ಬಂದದ್ದು 2002ರಲ್ಲಿ, ರೀಡ್ ಮಾಂಟೆಗ್ಯೂ ತಂಡದಿಂದ.

ನಿಮ್ಮ ಪ್ರಯೋಗದಲ್ಲಿ ಪಿಎಲ್‌ವಿ ಏರೋಕೆ ಐದು ದಾರಿ ಇವೆ: ಇಬ್ಬರಿಗೂ ತಲುಪಿದ ಒಂದೇ ಪ್ರಚೋದನೆ, ಇಬ್ಬರೂ ಒಟ್ಟಿಗೆ ಮಾಡಿದ ಚಲನೆ, ಇಬ್ಬರ ತಂತಿಗೂ ಹತ್ತಿದ ಒಂದೇ ಗದ್ದಲ, ಲೆಕ್ಕದ ಪಕ್ಷಪಾತ, ಆಮೇಲೆ ಭಾವ. ಮೊದಲ ನಾಲ್ಕನ್ನ ವಿನ್ಯಾಸದಲ್ಲೇ ಕಟ್ಟಿಹಾಕದಿದ್ದರೆ ಐದನೆಯದರ ಬಗ್ಗೆ ಬಾಯಿ ತೆಗೆಯೋ ಹಾಗಿಲ್ಲ.

ಪರದೆ_ಹಿಂದೆ

ವಿನ್ಯಾಸದ ಮಾತು ಬಂತಲ್ಲ, ಕನಿಷ್ಠ ಮೂರು ಸ್ಥಿತಿ ಬೇಕು.

ಒಂದು, ಪಡೆಯುವವರಿಗೆ ಮುಖ ನೇರವಾಗಿ ಕಾಣುತ್ತೆ. ಎರಡು, ನಡುವೆ ಪರದೆ. ಅದೇ ಕೋಣೆ, ಅದೇ ಹೊತ್ತು, ಮುಖ ಮಾತ್ರ ಇಲ್ಲ. ಮೂರು, ಪಡೆಯುವವರು ಇನ್ಯಾವುದೋ ಜೋಡಿಯ ಕಳಿಸುವವರ ಹಳೇ ವಿಡಿಯೊ ನೋಡ್ತಾರೆ, ಕಳಿಸುವವರು ಪರದೆಯಾಚೆ ಬೇರೆ ತುಣುಕು ನೋಡ್ತಿರ್ತಾರೆ. ಮೂರನೆಯದರಲ್ಲಿ ಮುಖವೂ ಇದೆ, ಭಾವವೂ ಇದೆ, ಈ ಇಬ್ಬರ ನಡುವಿನ ಕೊಂಡಿ ಮಾತ್ರ ಇಲ್ಲ. ಇಲ್ಲೂ ಹೊಂದಾಣಿಕೆ ಅಷ್ಟೇ ಬಂದರೆ ನೀವು ಅಳೀತಿರೋದು ಬೇರೆ ಏನನ್ನೋ. ಒಂದು ತೊಡಕು: ಒಂದನೆಯದು ಎದುರಿನ ಮುಖ, ಮೂರನೆಯದು ಕಂಪ್ಯೂಟರ್ ತೆರೆಯ ಮೇಲಿನ ಮುಖ. ಸರಿಯಾಗಿ ತೂಗಬೇಕಾದರೆ ಎರಡನ್ನೂ ತೆರೆಯ ಮೂಲಕವೇ ತೋರಿಸಿ. ಕ್ಯಾಮೆರಾದಿಂದ ತೆರೆಗೆ ಬರೋ ತಡ ಎಷ್ಟು ಅಂತ ಫೋಟೊಡಯೋಡ್ (ಬೆಳಕು ಗುರುತಿಸೋ ಬಿಡಿಭಾಗ) ಹಚ್ಚಿ ಅಳೆದಿಡಿ. ಮಾಮೂಲಿ ವೆಬ್‌ಕ್ಯಾಮ್‌ನಲ್ಲಿ 100 ಮಿಲಿಸೆಕೆಂಡ್ ದಾಟೋದು ಏನೇನೂ ಕಷ್ಟ ಅಲ್ಲ.

ಪ್ರತಿ ಸುತ್ತು: 30 ಸೆಕೆಂಡ್ ಖಾಲಿ ತೆರೆ, 60ರಿಂದ 90 ಸೆಕೆಂಡ್ ತುಣುಕು, ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಅಂಕ ಕೊಡೋದು. ಹೀಗೆ 18 ಸುತ್ತು, ಆರಕ್ಕೊಮ್ಮೆ ಬಿಡುವು. ರೆಕಾರ್ಡಿಂಗ್ 50 ನಿಮಿಷ ಮೀರಿದರೆ ಕೊನೇ ಭಾಗದ ಆಲ್ಫಾ ಎಲ್ಲ ನಿದ್ದೆಯ ಆಲ್ಫಾ. ಅಳು ಬರಿಸೋ ತುಣುಕಾದ ತಕ್ಷಣ ನಗು ಬರಿಸೋದು ಬೇಡ, ಹಿಂದಿನ ಭಾವದ ಬಾಲ ಮುಂದಿನದಕ್ಕೆ ಸುತ್ತಿಕೊಳ್ಳುತ್ತೆ. ನಡುವೆ ತಟಸ್ಥ ತುಣುಕು ಒಂದು ಇರಲಿ.

ಇನ್ನೊಂದು ಸಣ್ಣದು, ಆದರೆ ಹಲವರ ಡೇಟಾ ಹಾಳು ಮಾಡೋದು ಇದೇ. ಕಳಿಸುವವರ ತೆರೆಯ ಬೆಳಕು ಅವರ ಮುಖದ ಮೇಲೆ ಬೀಳುತ್ತೆ. ದೃಶ್ಯ ಬದಲಾದಾಗಲೆಲ್ಲ ಕೆನ್ನೆ ಬೆಳಗಿ ಮಂಕಾಗುತ್ತೆ. ಕನ್ನಡಕ ಇದ್ದರಂತೂ ಪೂರ್ತಿ ಸಿನಿಮಾ ಗಾಜಿನಲ್ಲಿ ಓಡುತ್ತೆ. ಪಡೆಯುವವರ ಹಿಂದಲೆಯ ದೃಷ್ಟಿಭಾಗ ಆ ಬೆಳಕಿನ ಏರಿಳಿತಕ್ಕೆ ತಾಳ ಹಾಕುತ್ತೆ, ನೀವು ಅದನ್ನ ಭಾವದ ಸೇತುವೆ ಅಂತ ಬರೀತೀರಿ. ತೆರೆಯ ಹೊಳಪು ಇಳಿಸಿ, ಮುಖಕ್ಕೆ ಎದುರಿನಿಂದ ಸ್ಥಿರವಾದ ಬೆಳಕು ಬಿಡಿ, ತೆರೆಯನ್ನ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಓರೆಯಾಗಿಡಿ. ಸದ್ದು ಕಿವಿಯೊಳಗಿನ ಇಯರ್‌ಫೋನಿನಲ್ಲಿ. ಪಡೆಯುವವರ ಕಿವಿಗೆ ಸಣ್ಣಗೆ ಪಿಂಕ್ ನಾಯ್ಸ್ (ಒಂದೇ ಸಮನೆ ಮೊರೆಯೋ ಸದ್ದು).

ಆಲ್ಫಾ_ಅಲೆ

ಮುಖದ ಮೇಲಿನ ಬೆಳಕು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಬರ್ಕೊಂಡೆ. ಟೋಪಿ ಹಾಕೋ ಬಗ್ಗೆ ಏನಾದರೂ? ಭಾಗವಹಿಸೋರು ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳು.

ಜೆಲ್_ಸಿರಿಂಜ್

ಇದು ನನ್ನ ಇಲಾಖೆ.

ಎಣ್ಣೆ. ಹಿಂದಿನ ರಾತ್ರಿ ಶಾಂಪೂ ಹಾಕಿ ತಲೆ ತೊಳೆದು ಬನ್ನಿ, ಕಂಡೀಷನರ್ ಬೇಡ, ಕೊಬ್ಬರಿ ಎಣ್ಣೆ ಬೇಡ, ಜೆಲ್ ಬೇಡ ಅಂತ ಫೋನ್ ಮಾಡಿ ಹೇಳಿ. ಮೆಸೇಜ್ ಕಳಿಸಿದರೆ ಓದಿರಲ್ಲ. ಬೆಳಗ್ಗೆ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಬಂದರೂ ಕಷ್ಟ. ನೀರು, ಬೆವರು, ಜೆಲ್ ಸೇರಿ ಪಕ್ಕಪಕ್ಕದ ಎರಡು ಇಲೆಕ್ಟ್ರೋಡ್ ಒಂದೇ ಆಗಿಬಿಡುತ್ತೆ. ಎರಡು ಚಾನೆಲಿನ ಗೆರೆ ಪಡಿಯಚ್ಚಿನಂತೆ ಓಡಿದರೆ ಜೆಲ್ ಸೇತುವೆ ಅಂತಲೇ ತಿಳೀರಿ.

ದಟ್ಟ ಕೂದಲಿಗೆ ಬಗೆ ಹೀಗೆ: ಟೋಪಿ ಹಾಕೋ ಮುಂಚೆ ಬೈತಲೆ ತೆಗೆದು ಎರಡು ಸಡಿಲ ಜಡೆ ಕೆಳಗೆ ಹಾಕಿಸಿ. ತುರುಬು ಕಟ್ಟಿದ್ದರೆ ಹಿಂದಲೆಯ ಒ1, ಒ2 ಇಲೆಕ್ಟ್ರೋಡ್ ಗಾಳಿಯಲ್ಲೇ ತೂಗಾಡ್ತಾವೆ. ಮೊಂಡು ಸೂಜಿಯ ತುದಿಯಿಂದ ಕೂದಲನ್ನ ಸುತ್ತುತ್ತಾ ಸರಿಸಿ, ಚರ್ಮ ಕಂಡ ಮೇಲೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಜೆಲ್. ಪ್ಯಾಸಿವ್ ಇಲೆಕ್ಟ್ರೋಡ್ ಆದರೆ ಚರ್ಮದ ವಿದ್ಯುತ್ ತಡೆಯನ್ನ 5 ಕಿಲೋಓಮ್ ಒಳಗೆ ತನ್ನಿ, ಒಳಗೇ ಸಣ್ಣ ಆಂಪ್ಲಿಫೈಯರ್ ಇರೋ ಆಕ್ಟಿವ್ ಆದರೆ 20ರ ಒಳಗಿದ್ದರೂ ನಡೀತದೆ. ಇಬ್ಬರಿಗೂ ಒಂದೇ ಮಟ್ಟ ಇರಬೇಕು ಅನ್ನೋದು ಮುಖ್ಯ. ಒಬ್ಬರದು 4, ಇನ್ನೊಬ್ಬರದು 40 ಇದ್ದರೆ ಆಮೇಲೆ ಬರೋ ವ್ಯತ್ಯಾಸ ಮಿದುಳಿನದೋ ಅಂಟಿನದೋ ಗೊತ್ತಾಗಲ್ಲ.

ಹಣೆ: ವಿಭೂತಿ, ಫೌಂಡೇಶನ್ ಇದ್ದರೆ ಎಫ್‌ಪಿ1, ಎಫ್‌ಪಿ2 ಹಿಡಿಯಲ್ಲ. ಸ್ಪಿರಿಟ್ ಹತ್ತಿ ಹಾಕಿ ಒರೆಸೋ ಮುಂಚೆ ಕೇಳಿ, ಒರೆಸೋಕೆ ಇಷ್ಟ ಇಲ್ಲದವರನ್ನ ಒತ್ತಾಯ ಮಾಡಬೇಡಿ, ಆ ಎರಡು ಚಾನೆಲ್ ಬಿಟ್ಟುಕೊಡಿ. ಕಿವಿಯ ಹಾಲೆಗೆ ರೆಫರೆನ್ಸ್ (ಉಳಿದ ಚಾನೆಲನ್ನ ಹೋಲಿಸಿ ಅಳೆಯೋ ಬಿಂದು) ಕ್ಲಿಪ್ ಹಾಕೋ ಮಾದರಿಯಾದರೆ ಜುಮುಕಿ ತೆಗೀಬೇಕು. ಕಿವಿಯ ಹಿಂದಿನ ಎಲುಬಿಗೆ ಹಚ್ಚೋದಾದರೆ ಬೇಡ.

ಫ್ಯಾನ್ ನಿಲ್ಲಿಸಿದರೆ ಬೆವರು, ಬೆವರಿಗೆ ಅರ್ಧ ಹರ್ಟ್ಸಿಗಿಂತ ಕೆಳಗಿನ ನಿಧಾನದ ತೂಗಾಟ. ಫ್ಯಾನ್ ಹಾಕಿದರೆ ತಂತಿ ಅಲ್ಲಾಡುತ್ತೆ. ಎಸಿ ಹಾಕಿ, ಗಾಳಿ ತಲೆ ಮೇಲೆ ಬೀಳದ ಹಾಗೆ. ಇಬ್ಬರಿಗೆ ಟೋಪಿ ಹಾಕೋಕೆ ಇಬ್ಬರು ಬೇಕು, ಒಬ್ಬರೇ ಹಾಕಿದರೆ ಎರಡನೆಯವರದು ಮುಗಿಯೋ ಹೊತ್ತಿಗೆ ಮೊದಲನೆಯವರ ಜೆಲ್ ಒಣಗೋಕೆ ಶುರು.

ಟಿಕ್‌ಟಾಕ್_ಗಡಿಯಾರ

ಎರಡು ಆಂಪ್ಲಿಫೈಯರ್ ಅಂದಿರಿ. ಗಡಿಯಾರ ಹೇಗೆ ಕೂಡಿಸ್ತೀರಿ? ಎರಡರಲ್ಲೂ ಒಂದೇ ಹೊತ್ತಿಗೆ ಸ್ಟಾರ್ಟ್ ಒತ್ತೋದು ಅಂತ ಮಾತ್ರ ಹೇಳಬೇಡಿ.

ಆಲ್ಫಾ_ಅಲೆ

ಶುರುವಿಗೆ ಒಂದು ಟ್ರಿಗರ್ (ಎರಡೂ ಯಂತ್ರಕ್ಕೆ ಹೋಗೋ ಸಮಯದ ಗುರುತು), ಕೊನೆಗೆ ಒಂದು ಅಂದುಕೊಂಡಿದ್ದೆ.

ಟಿಕ್‌ಟಾಕ್_ಗಡಿಯಾರ

ಲೆಕ್ಕ ಹಾಕಿ ನೋಡಿ. ಒಳಗಿನ ಕ್ವಾರ್ಟ್ಜ್ ಹರಳು ಹತ್ತು ಲಕ್ಷಕ್ಕೆ 20 ಪಾಲು ತಪ್ಪಬಹುದು ಅಂತಿಟ್ಟುಕೊಳ್ಳಿ. ಒಂದು ಮುಂದೆ, ಒಂದು ಹಿಂದೆ ಓಡಿದರೆ ನಡುವಿನ ಅಂತರ 40 ಪಾಲು. 40 ನಿಮಿಷ, ಅಂದರೆ 2400 ಸೆಕೆಂಡಿಗೆ 96 ಮಿಲಿಸೆಕೆಂಡ್. 10 ಹರ್ಟ್ಸ್ ಆಲ್ಫಾದ ಒಂದು ಸುತ್ತು 100 ಮಿಲಿಸೆಕೆಂಡ್. ಅಂದರೆ ರೆಕಾರ್ಡಿಂಗ್ ಮುಗಿಯೋದರೊಳಗೆ ಇಬ್ಬರ ಅಲೆ ಹೆಚ್ಚುಕಡಿಮೆ ಒಂದು ಪೂರ್ತಿ ಸುತ್ತು ಜಾರಿರುತ್ತೆ. ಫೇಸ್ ನೋಡೋ ಯಾವ ಅಳತೆಗೂ ಅಲ್ಲಿ ಬೆಲೆ ಇಲ್ಲ.

ದಾರಿ: ಒಂದೇ ಪೋರ್ಟಿನಿಂದ ಹೊರಟ ಟಿಟಿಎಲ್ ಪಲ್ಸನ್ನ (ಸಮಯ ಗುರುತಿಸೋ ಚಿಕ್ಕ ವಿದ್ಯುತ್ ಮಿಡಿತ) ವೈ ಕೇಬಲಿನಲ್ಲಿ ಸೀಳಿ ಎರಡಕ್ಕೂ ಕೊಡಿ, ಪ್ರತಿ 10 ಸೆಕೆಂಡಿಗೆ ಒಂದು. ಆಮೇಲೆ ಒಬ್ಬರ ಪಲ್ಸ್ ಸಮಯಕ್ಕೆ ಇನ್ನೊಬ್ಬರದನ್ನ ನೇರ ಗೆರೆಯಲ್ಲಿ ಕೂರಿಸಿ ಮರುಸ್ಯಾಂಪಲ್ ಮಾಡಿ. ಉಳಿದ ತಪ್ಪು ಒಂದು ಸ್ಯಾಂಪಲಿಗಿಂತ ಕಡಿಮೆ ಇರಬೇಕು. ಟ್ರಿಗರ್ ದಾರಿಯಲ್ಲಿ ಆಪ್ಟೊಕಪ್ಲರ್ (ತಂತಿಯ ಬದಲು ಬೆಳಕಿನಿಂದ ಸಂಕೇತ ದಾಟಿಸೋದು) ಇರಲೇಬೇಕು. ಇಬ್ಬರು ಮನುಷ್ಯರಿಗೆ ಕಟ್ಟಿದ ಎರಡು ಯಂತ್ರಗಳನ್ನ ಬರೀ ತಾಮ್ರದ ತಂತಿಯಲ್ಲಿ ಬೆಸೆದರೆ ವಿದ್ಯುತ್ ಸುರಕ್ಷತೆಗೆ ಇಟ್ಟ ಐಸೊಲೇಶನ್ ಹೋದ ಹಾಗೇ.

ಲ್ಯಾಬ್ ಸ್ಟ್ರೀಮಿಂಗ್ ಲೇಯರ್ ಅನ್ನೋ ತಂತ್ರಾಂಶ ಬಳಸ್ತೀರಾದರೆ ಅದು ಕಂಪ್ಯೂಟರುಗಳ ಗಡಿಯಾರವನ್ನ ಚೆನ್ನಾಗಿ ಸರಿದೂಗಿಸುತ್ತೆ. ಆದರೆ ತಲೆಯಿಂದ ಕಂಪ್ಯೂಟರಿಗೆ ಬರೋದರೊಳಗೆ ಬ್ಲೂಟೂತ್‌ನಲ್ಲಿ ಆದ ತಡ ಅದಕ್ಕೆ ಕಾಣಿಸಲ್ಲ.

ಪರೀಕ್ಷೆ ಮಾಡೋದು ಸುಲಭ, ತಲೆಯೇ ಬೇಡ. ಸಿಗ್ನಲ್ ಜನರೇಟರಿನಿಂದ 10 ಹರ್ಟ್ಸ್, 1 ವೋಲ್ಟ್. 100 ಕಿಲೋಓಮ್ ಮತ್ತು 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ 10 ಓಮಿನ ಎರಡು ತುದಿಯಿಂದ ಎತ್ತಿಕೊಂಡರೆ 100 ಮೈಕ್ರೋವೋಲ್ಟ್ ಸಿಗುತ್ತೆ, ಇಇಜಿಯ ಅಳತೆಗೆ ಸರಿ. ಅದನ್ನೇ ಎರಡು ಯಂತ್ರಕ್ಕೂ ಕೊಟ್ಟು ಒಂದು ಗಂಟೆ ಓಡಿಸಿ. ಫೇಸ್ ವ್ಯತ್ಯಾಸದ ಗೆರೆ ಮಟ್ಟಸವಾಗಿದ್ದರೆ ಗೆದ್ದಿರಿ. ಓರೆಯಾಗಿದ್ದರೆ ಅದೇ ಹರಳಿನ ತಪ್ಪು. ಮೆಟ್ಟಿಲು ಮೆಟ್ಟಿಲಾಗಿದ್ದರೆ ಡೇಟಾ ಪ್ಯಾಕೆಟ್ ಬಿದ್ದುಹೋಗ್ತಿದೆ.

ಜೆಲ್_ಸಿರಿಂಜ್

ಇದಕ್ಕೆ ಸೇರಿಸಿ: 64 ಚಾನೆಲಿನ ಒಂದೇ ಆಂಪ್ಲಿಫೈಯರನ್ನ 32–32 ಹಂಚಿಕೊಂಡರೆ ಗಡಿಯಾರದ ತಲೆನೋವು ಇಲ್ಲ ಅಂತ ಕೆಲವರು ಹಾಗೆ ಮಾಡ್ತಾರೆ. ಆಗ ಇಬ್ಬರಿಗೂ ಬೇರೆ ಬೇರೆ ರೆಫರೆನ್ಸ್, ಬೇರೆ ಗ್ರೌಂಡ್ ಕೊಡೋಕೆ ಆ ಯಂತ್ರದಲ್ಲಿ ವ್ಯವಸ್ಥೆ ಇರಬೇಕು. ಒಂದೇ ರೆಫರೆನ್ಸ್ ಆದರೆ ಒಬ್ಬರ ಕಿವಿ ಹಿಂದಿನ ಅಲೆ ಇನ್ನೊಬ್ಬರ 32 ಚಾನೆಲಿಗೂ ಕಳೆಯಲ್ಪಟ್ಟು ಸೇರಿಕೊಳ್ಳುತ್ತೆ. ಆ ಸಿಂಕ್ರೊನಿ (ಹೊಂದಾಣಿಕೆ) ನೋಡಿದರೆ ಪ್ರೇಮಿಗಳಿಗೂ ಹೊಟ್ಟೆಕಿಚ್ಚು ಬರಬೇಕು.

ಗದಗ_ಗ್ಯಾಮಾ

ನಗಿಸೋ ತುಣುಕು ಯಾಕ ಇಟ್ಟೀರಿ ಅಂತೀನಿ? ನಗು ಅಂದ್ರ ಇಇಜಿಗೆ ಶತ್ರು. ನಕ್ಕಾಗ ಕಪಾಲದ ಸ್ನಾಯು, ಕೆನ್ನೆ ಸ್ನಾಯು ಹಾಕೋ ಗದ್ದಲ 20 ಹರ್ಟ್ಸಿನಿಂದ ಮೇಲಕ್ಕ ನೂರಾರು ಹರ್ಟ್ಸಿನ ತನಕ ಹರಡತೈತಿ. ಟಿ7, ಟಿ8, ಎಫ್7, ಎಫ್8 (ಕಿವಿ ಮ್ಯಾಲಿನ, ಹಣಿ ಪಕ್ಕದ ಇಲೆಕ್ಟ್ರೋಡ್) ಮುಳುಗೇ ಹೋಗ್ತಾವ. ಒಬ್ಬರು ನಕ್ಕಾಗ ಎದುರಿನವರೂ ನಕ್ಕರ ಇಬ್ಬರ ಸ್ನಾಯು ಗದ್ದಲ ಒಂದೇ ಹೊತ್ತಿಗೆ ಏಳತೈತಿ, ನಿಮ್ಮ ತಂತ್ರಾಂಶ ಅದನ್ನ ಎರಡು ಮಿದುಳಿನ ಬೀಟಾ-ಗ್ಯಾಮಾ (ಆಲ್ಫಾಕ್ಕಿಂತ ವೇಗದ ಅಲೆ) ಹೊಂದಾಣಿಕಿ ಅಂತ ಬಣ್ಣ ಹಚ್ಚಿ ಕೊಡತೈತಿ. ನಗು ಅಂಟಿದ್ದು ಖರೇ. ಆದ್ರ ನೀವು ಅಳೆದದ್ದು ಕೆನ್ನಿ, ಮಿದುಳಲ್ಲ.

ಕಣ್ಣು ರೆಪ್ಪಿನೂ ಹಂಗ. ಒಂದೇ ಕಥಿಯ ವಿಡಿಯೊ ನೋಡೋ ಜನ ಒಂದೇ ಹೊತ್ತಿಗೆ ರೆಪ್ಪಿ ಬಡೀತಾರ ಅಂತ ಜಪಾನಿನ ನಕಾನೊ ತಂಡ 2009ರಾಗ ತೋರಿಸೇತಿ. ರೆಪ್ಪಿ ಬಡಿತ ಮುಂದಲೆಯ ಥೀಟಾ, ಡೆಲ್ಟಾದಾಗ (ಆಲ್ಫಾಕ್ಕಿಂತ ನಿಧಾನದ ಅಲೆ) ದೊಡ್ಡ ಗುಡ್ಡ ಎಬ್ಬಸತೈತಿ. ಮುಂದಲೆ ಥೀಟಾ ಸಿಂಕ್ರೊನಿ ಅಂತ ಯಾರರ ಅಂದ್ರ ಮೊದಲ ರೆಪ್ಪಿ ಲೆಕ್ಕ ಕೇಳ್ರಿ.

ಪರದೆ_ಹಿಂದೆ

ಗದಗದವರೇ, ನಗು ಪೂರ್ತಿ ಬಿಡೋದು ನನಗೆ ಒಪ್ಪಿಗೆ ಇಲ್ಲ. ದುಃಖ, ಸಣ್ಣ ಭಯ ಇವು ಮುಖದಲ್ಲಿ ಕಡಿಮೆ ತೋರ್ತವೆ, ತೋರದಿದ್ದರೆ ದಾಟೋದೇನು? ನಗುವನ್ನ ಉಳಿಸಿಕೊಂಡು ಸ್ನಾಯುವನ್ನೇ ಅಳೆಯೋದು ಲೇಸು. ಕೆನ್ನೆಯ ಝೈಗೊಮ್ಯಾಟಿಕಸ್ ಮೇಲೆ ಎರಡು, ಹುಬ್ಬು ಗಂಟಿಕ್ಕೋ ಕಾರುಗೇಟರ್ ಮೇಲೆ ಎರಡು ಇಲೆಕ್ಟ್ರೋಡ್, ಇಬ್ಬರಿಗೂ. ಉಲ್ಫ್ ಡಿಂಬರ್ಗ್ ಅವರ ಪ್ರಯೋಗಗಳಲ್ಲಿ ನಗುಮುಖದ ಚಿತ್ರ ನೋಡಿದವರ ಕೆನ್ನೆ ಸ್ನಾಯು 300–400 ಮಿಲಿಸೆಕೆಂಡಿನೊಳಗೇ ಮಿಡಿದಿತ್ತು. ನಗು ಹೊರಗೆ ಕಾಣೋಕೂ ಮುಂಚಿನ ಆ ಹೊತ್ತನ್ನ ಬೇರ್ಪಡಿಸಿ ನೋಡಬಹುದು. ಸ್ನಾಯುವಿಗೆ 500 ಸ್ಯಾಂಪಲ್ ಸಾಲದು, 400 ಹರ್ಟ್ಸ್ ತನಕ ನೋಡೋಕೆ 1000 ಇಡಿ.

ಗದಗ_ಗ್ಯಾಮಾ

ಸ್ನಾಯು ಅಳದು, ಸ್ನಾಯು ಎದ್ದ ಹೊತ್ತನ್ನ ತಗದು ಹಾಕೋದಾದ್ರ ನಂದೇನೂ ತಕರಾರಿಲ್ಲ. ಬೀಟಾದ ಮ್ಯಾಲೆ ಬಾಯಿ ಹಾಕಬ್ಯಾಡ್ರಿ ಅಷ್ಟ.

ಸ್ವಚ್ಛ ಮಾಡೋ ಕ್ರಮ ಹೇಳ್ತೀನಿ. ಇಬ್ಬರಿಗೂ ಒಂದೇ ಫಿಲ್ಟರ್: 1 ಹರ್ಟ್ಸ್ ಹೈಪಾಸ್ (ಅದಕ್ಕಿಂತ ನಿಧಾನದ್ದನ್ನ ತಗಿಯೋದು), 50ಕ್ಕ ನಾಚ್ (ಕರೆಂಟಿನ ಗದ್ದಲ ತಗಿಯೋದು), ಮುಂದ ಹಿಂದ ಎರಡೂ ಕಡಿ ಓಡಿಸಿ ಫೇಸ್ ಜರುಗದಂಗ. ಕೆಟ್ಟ ಚಾನೆಲ್ 32ರಾಗ ಮೂರರ ತನಕ ಸುತ್ತಲಿನ ಚಾನೆಲಿನಿಂದ ಇಂಟರ್‌ಪೊಲೇಟ್ ಮಾಡ್ರಿ, ಮೀರಿದ್ರ ಆ ಜೋಡಿನ ಕೈಬಿಡ್ರಿ. ಐಸಿಎ (ಕೂಡಿಕೊಂಡ ಅಲೆಗಳನ್ನ ಮೂಲದ ಪ್ರಕಾರ ಬಿಡಿಸೋ ಲೆಕ್ಕ) ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಓಡಿಸ್ರಿ, ಇಬ್ಬರನ್ನ ಕೂಡಿಸಿ 64 ಚಾನೆಲ್ ಅಂತ ಓಡಿಸಬ್ಯಾಡ್ರಿ. ಐಸಿಲೇಬಲ್ (ಹಂಗ ಬಿಡಿಸಿದ್ದು ಮಿದುಳೋ ಸ್ನಾಯುವೋ ಅಂತ ಹೇಳೋ ತಂತ್ರಾಂಶ) ಬಳಸೋದಿದ್ರ ಅದಕ್ಕ 100 ಹರ್ಟ್ಸ್ ತನಕದ ಡೇಟಾ, ಸರಾಸರಿ ರೆಫರೆನ್ಸ್ ಬೇಕು. 40ಕ್ಕ ಕತ್ತರಿಸಿ ಕೊಟ್ರ ಅದು ಸ್ನಾಯುನ ಗುರುತು ಹಿಡಿಯೋದಿಲ್ಲ. ಒಬ್ಬರ ತುಂಡು ಕೆಟ್ರ ಇನ್ನೊಬ್ಬರ ಅದೇ ಹೊತ್ತಿನ ತುಂಡೂ ಹೋಗಬೇಕು. ಇದನ್ನ ಮರೆತು ಸಾಲು ತಪ್ಪಿಸಿಕೊಂಡವರಿಗೆ ಲೆಕ್ಕ ಇಲ್ಲ.

ಸುಳ್ಳುಜೋಡಿ

ಈಗ ಪಿಎಲ್‌ವಿ. ಇದರ ಹುಳುಕು ಎಲ್ಲಿದೆ ಅಂದರೆ, ಸಂಬಂಧವೇ ಇಲ್ಲದ ಎರಡು ಅಲೆಗೂ ಅದು ಸೊನ್ನೆ ಕೊಡಲ್ಲ. ಎಷ್ಟು ಕೊಡುತ್ತೆ ಅನ್ನೋದು ಸ್ವತಂತ್ರ ಮಾದರಿಗಳ ಸಂಖ್ಯೆ ಮೇಲೆ ನಿಂತಿದೆ: 0.89ನ್ನ ಆ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಸ್ವತಂತ್ರ ಮಾದರಿ ಅಂದರೆ ಸ್ಯಾಂಪಲ್ ರೇಟ್ ಅಲ್ಲ. ಬ್ಯಾಂಡಿನ ಅಗಲವನ್ನ ಸೆಕೆಂಡಿಗೆ ಗುಣಿಸಿದ್ದು, ಸರಿಸುಮಾರು. 8–12 ಹರ್ಟ್ಸ್ ಅಗಲ 4. ಒಂದು ಸೆಕೆಂಡಿನ ಕಿಟಕಿ ಇಟ್ಟರೆ ನಾಲ್ಕೇ ಮಾದರಿ, ಏನೂ ಇಲ್ಲದಿದ್ದರೂ ಪಿಎಲ್‌ವಿ 0.44 ಹತ್ತಿರ. 10 ಸೆಕೆಂಡಿಗೆ 0.14. 60 ಸೆಕೆಂಡಿಗೆ 0.06. ನಿಮ್ಮ ಬೇಸ್‌ಲೈನ್ 30 ಸೆಕೆಂಡ್, ತುಣುಕು 90 ಸೆಕೆಂಡ್. ಕಿಟಕಿ ಉದ್ದ ಸಮ ಮಾಡದೆ ಹೋಲಿಸಿದರೆ ಬರೀ ಉದ್ದದಿಂದಲೇ ವ್ಯತ್ಯಾಸ ಬಂದುಬಿಡುತ್ತೆ.

ಎರಡನೇ ಹುಳುಕು: ಇಬ್ಬರ ಆಲ್ಫಾವೂ ತಾನಾಗಿ 10 ಹರ್ಟ್ಸಿನ ಆಸುಪಾಸು ಓಡ್ತಿದ್ದರೆ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದಿದ್ದರೂ ಸ್ವಲ್ಪ ಹೊತ್ತು ಜತೆಜತೆಗೆ ಹೋಗ್ತಾವೆ. ಏಡ್ರಿಯನ್ ಬರ್ಜೆಸ್ 2013ರಲ್ಲಿ ಇದನ್ನೇ ಬಿಡಿಸಿ ತೋರಿಸಿದರು, ಸರ್ಕ್ಯುಲರ್ ಕೋರಿಲೇಶನ್ ಈ ಮೋಸಕ್ಕೆ ಕಡಿಮೆ ಬೀಳುತ್ತೆ ಅಂದರು. ಅದು ಫೇಸ್ ಅಂತರ ಸ್ಥಿರವಾಗಿದೆಯಾ ಅಂತ ನೋಡಲ್ಲ. ಒಬ್ಬರ ಫೇಸ್ ತನ್ನ ಸರಾಸರಿಯಿಂದ ಸರಿದಾಗ ಇನ್ನೊಬ್ಬರದೂ ಸರಿಯಿತಾ ಅಂತ ನೋಡುತ್ತೆ. ಹೈಪಿಪ್ ಅನ್ನೋ ಪೈಥಾನ್ ಪ್ಯಾಕೇಜಿನಲ್ಲಿ ಎರಡೂ ಸಿದ್ಧ ಇದೆ, ಎಂಎನ್ಇ ಅನ್ನೋ ಇಇಜಿ ಪ್ಯಾಕೇಜಿನ ಮೇಲೆ ಕೂತಿದೆ.

ಯಾವ ಅಳತೆ ಬಳಸಿದರೂ ಸುಳ್ಳು ಜೋಡಿ ಕಟ್ಟಿ. ಒಂದನೇ ಜೋಡಿಯ ಕಳಿಸುವವರನ್ನ ಐದನೇ ಜೋಡಿಯ ಪಡೆಯುವವರಿಗೆ ಕಟ್ಟೋದು, ಅದೇ ತುಣುಕಿನ ಸಮಯಕ್ಕೆ ಸಾಲು ಹಿಡಿಸಿ. 24 ಜೋಡಿಯಿಂದ 24×23, ಅಂದರೆ 552 ಸುಳ್ಳು ಜೋಡಿ. ಆದರೆ ಅವು 552 ಸ್ವತಂತ್ರ ಅಳತೆ ಅಲ್ಲ, ಅದೇ 48 ತಲೆಗಳು ತಿರುಗಿ ತಿರುಗಿ ಬಂದದ್ದು. 24 ಅಸಲಿ, 552 ನಕಲಿ ಅಂತ ಟಿ-ಟೆಸ್ಟ್ (ಎರಡು ಸರಾಸರಿ ಹೋಲಿಸೋ ಪರೀಕ್ಷೆ) ಹಾಕಬೇಡಿ. ಯಾರಿಗೂ ತಮ್ಮ ಅಸಲಿ ಜೊತೆಗಾರ ಸಿಗದ ಹಾಗೆ ಪೂರ್ತಿ ಪಟ್ಟಿಯನ್ನ ಕಲಸಿ, 24ರ ಸರಾಸರಿ ತೆಗೀರಿ. ಹೀಗೆ 5000 ಸಲ. ಅಸಲಿ ಸರಾಸರಿ ಆ 5000ದಲ್ಲಿ ಎಲ್ಲಿ ನಿಲ್ಲುತ್ತೆ ಅನ್ನೋದೇ ನಿಮ್ಮ ಉತ್ತರ.

ಇನ್ನು 32 ಚಾನೆಲಿಗೆ 32 ಕಟ್ಟಿದರೆ 1024 ಜೋಡಿ, ನಾಲ್ಕು ಬ್ಯಾಂಡಿಗೆ 4096 ಪರೀಕ್ಷೆ. 5% ಮಟ್ಟದಲ್ಲಿ ಬರೀ ಅದೃಷ್ಟಕ್ಕೇ 200 ಮೇಲೆ ಗೆರೆ ಹೊಳೀತಾವೆ. ಎರಡು ತಲೆ ನಡುವೆ ಕೆಂಪು ಗೆರೆಗಳ ಜೇಡರಬಲೆ ಇರೋ ಚಿತ್ರ ನೋಡಿದಾಗ ಈ ಸಂಖ್ಯೆ ನೆನಪಿಸಿಕೊಳ್ಳಿ. ಸಿ3, ಸಿ4, ಎಫ್3, ಎಫ್4, ಪಿ4 ಅಂತ ಐದಾರು ಜಾಗ ಮೊದಲೇ ಬರೆದು ನೋಂದಾಯಿಸಿ.

ಆಲ್ಫಾ_ಅಲೆ

24 ಜೋಡಿ ಅಂದರೆ 48 ಜನ ಅಲ್ವಾ, ಸಾಲಲ್ವಾ?

ಸುಳ್ಳುಜೋಡಿ

ಎಣಿಕೆ ಜೋಡಿಗೆ, ತಲೆಗೆ ಅಲ್ಲ. ಹೊಂದಾಣಿಕೆಗೂ ಭಾವದ ಅಂಕಕ್ಕೂ 0.5ರ ಸಂಬಂಧ ಇದ್ದರೆ 80% ಪವರಿಗೆ (ಇರೋ ಸಂಬಂಧವನ್ನ ಹಿಡಿಯೋ ಸಾಧ್ಯತೆ) 29 ಜೋಡಿ ಬೇಕು. 0.3 ಇದ್ದರೆ ಸುಮಾರು 85. ಈ ಕ್ಷೇತ್ರದಲ್ಲಿ 0.5 ನಿರೀಕ್ಷಿಸೋದು ಅತಿಯಾಸೆ. ಜೋಡಿ ಹೆಚ್ಚಿಸೋಕೆ ಆಗದಿದ್ದರೆ ಪ್ರತಿ ಜೋಡಿಯ ಸುತ್ತುಗಳನ್ನ ಹೆಚ್ಚಿಸಿ, ಸುತ್ತುಗಳನ್ನ ಜೋಡಿಯೊಳಗೆ ಇಟ್ಟು ಮಿಕ್ಸೆಡ್ ಮಾಡೆಲ್ (ಜೋಡಿ ಜೋಡಿ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯೋ ವಿಧಾನ) ಹಾಕಿ. ಆಗ ಪ್ರಶ್ನೆ ಬದಲಾಗುತ್ತೆ: "ಹೆಚ್ಚು ಹೊಂದೋ ಜೋಡಿಗೆ ಹೆಚ್ಚು ಅಂಟುತ್ತಾ" ಅನ್ನೋದು ಹೋಗಿ "ಒಂದೇ ಜೋಡಿಯಲ್ಲಿ ಹೆಚ್ಚು ಹೊಂದಿದ ಸುತ್ತಿನಲ್ಲಿ ಹೆಚ್ಚು ಅಂಟಿತಾ" ಅಂತಾಗುತ್ತೆ. ನನಗೆ ಎರಡನೆಯದೇ ಒಳ್ಳೇ ಪ್ರಶ್ನೆ ಅನ್ಸುತ್ತೆ.

ನಿಧಾನ_ಅಲೆ

ಎಲ್ಲರೂ ಫೇಸ್ ಹಿಂದೆ ಬಿದ್ದಿದ್ದೀರಿ. ಭಾವ 100 ಮಿಲಿಸೆಕೆಂಡಿನ ಸುತ್ತಿಗೆ ತಾಳ ಹಾಕುತ್ತೆ ಅಂತ ಯಾರು ಹೇಳಿದರು? ಎದುರಿನವರ ಮುಖ ಬಾಡಿದ್ದು ಕಾಣಬೇಕು, ಅರ್ಥ ಆಗಬೇಕು, ಮೈಗೆ ಇಳೀಬೇಕು. ಅಂಗೈ ಬೆವರಿನ ಪ್ರತಿಕ್ರಿಯೆ ಏಳೋಕೇ 1ರಿಂದ 3 ಸೆಕೆಂಡ್ ಬೇಕು. ಹಾಗಾಗಿ ಆಲ್ಫಾದ ಫೇಸ್ ಬಿಟ್ಟು ಅದರ ಶಕ್ತಿಯ ಏರಿಳಿತ ತಗೊಳ್ಳಿ. ಪ್ರತಿ ಅರ್ಧ ಸೆಕೆಂಡಿಗೆ ಒಂದು ಬಿಂದು, ಕಳಿಸುವವರ ಗೆರೆಯನ್ನ ಪಡೆಯುವವರ ಗೆರೆ ಮೇಲೆ ಹಿಂದೆ 10, ಮುಂದೆ 10 ಸೆಕೆಂಡ್ ಸರಿಸಿ ನೋಡಿ. ಭಾವ ದಾಟಿದ್ದರೆ ಪಡೆಯುವವರು ತಡವಾಗಿ ಬರಬೇಕು, ಶಿಖರ ಒಂದೇ ಕಡೆಗೆ ವಾಲಬೇಕು. ಸೊನ್ನೆಯ ಮೇಲೇ ಚೂಪಾಗಿ ನಿಂತರೆ ಇಬ್ಬರಿಗೂ ಹೊರಗಿನಿಂದ ಏನೋ ಬಂದಿದೆ: ಬಾಗಿಲು ಬಡಿದಿದೆ, ಬೆಳಕು ಮಿಣುಕಿದೆ, ಕಾರಿಡಾರಿನಲ್ಲಿ ಯಾರೋ ಕೆಮ್ಮಿದ್ದಾರೆ. ಇಷ್ಟೊಂದು ನಿಧಾನದ ಗೆರೆಯಲ್ಲಿ 90 ಸೆಕೆಂಡಿಗೆ ಸ್ವತಂತ್ರ ಬಿಂದು ಕಡಿಮೆ, ಹಾಗಾಗಿ ಸುಳ್ಳು ಜೋಡಿ ಇಲ್ಲೂ ಬೇಕು.

ದಿಕ್ಕಿಗೆ ಗ್ರೇಂಜರ್ (ಒಂದರ ಹಿಂದಿನ ಏರಿಳಿತ ಇನ್ನೊಂದರ ಮುಂದಿನದನ್ನ ಹೇಳುತ್ತಾ ಅನ್ನೋ ಪರೀಕ್ಷೆ) ಹಾಕ್ತೀನಿ ಅಂತ ಹೊರಡಬೇಡಿ. ಒಂದೇ ಪ್ರಚೋದನೆ ಒಬ್ಬರಿಗೆ ಬೇಗ, ಇನ್ನೊಬ್ಬರಿಗೆ ತಡವಾಗಿ ತಟ್ಟಿದರೂ ಅದು ಒಬ್ಬರಿಂದ ಇನ್ನೊಬ್ಬರಿಗೆ ಬಾಣ ಬರೆದುಕೊಡುತ್ತೆ.

ಪರದೆ_ಹಿಂದೆ

ಸೊನ್ನೆಯ ಮೇಲಿನ ಶಿಖರ ಯಾವಾಗಲೂ ಹೊರಗಿನದು ಅಂತ ಹೇಳೋಕಾಗಲ್ಲ, ಇಬ್ಬರೂ ಪರಸ್ಪರ ಮುಖ ನೋಡ್ತಿದ್ದರೆ ಹೋಗೋದು ಬರೋದು ಎರಡೂ ಇರುತ್ತೆ. ಆದರೆ ಇಲ್ಲಿ ಕಳಿಸುವವರ ಕಣ್ಣು ತೆರೆ ಮೇಲಿದೆ, ಒಂದೇ ದಾರಿ. ಆದ್ದರಿಂದ ಒಪ್ಪಿದೆ.

ಅಲೆಯನ್ನ ಅನುಭವಕ್ಕೆ ಕಟ್ಟಿ ತೋರಿಸಿದ್ದಕ್ಕೆ ಒಳ್ಳೇ ಮಾದರಿ ಪಾವೆಲ್ ಗೋಲ್ಡ್‌ಸ್ಟೀನ್ ತಂಡದ 2018ರ ಕೆಲಸ. 22 ಜೋಡಿ, ನೋವಿನಲ್ಲಿದ್ದ ಹೆಂಗಸಿನ ಕೈಯನ್ನ ಸಂಗಾತಿ ಹಿಡಿದಾಗ, ಹಿಡಿಯದೆ ಪಕ್ಕದಲ್ಲಿದ್ದಾಗ, ನೋವೇ ಇಲ್ಲದಾಗ, ಹೀಗೆ ಅಡ್ಡಡ್ಡ ಹೋಲಿಸಿದ್ದಾರೆ. ಆಲ್ಫಾ-ಮ್ಯೂ (ಆಲ್ಫಾ ವೇಗದ ಅಲೆಗಳ) ಹೊಂದಾಣಿಕೆ ಹೆಚ್ಚಿದಷ್ಟೂ ನೋವು ಇಳಿದದ್ದಕ್ಕೆ ನಂಟು ಕಂಡಿತು. ಆದರೂ ಅದು ನಂಟು. ಹೊಂದಾಣಿಕೆಯೇ ಕಾರಣ ಅನ್ನಬೇಕಾದರೆ ಎರಡು ತಲೆಗೂ ಹೊರಗಿನಿಂದ ವಿದ್ಯುತ್ ತಾಳ ಕೊಟ್ಟು ನೋಡಬೇಕು ಅಂತ ನೊವೆಂಬ್ರೆ ಮತ್ತು ಇಯಾನೆಟ್ಟಿ 2021ರಲ್ಲಿ ವಾದಿಸಿದ್ದಾರೆ. ನಮ್ಮ ಮಟ್ಟದ ಲ್ಯಾಬಿಗೆ ಅದು ದೂರದ ಮಾತು.

ಪದಪದರ

ಅಂಕ ಕೊಡಿಸೋ ಬಗ್ಗೆ ಯಾರೂ ಮಾತಾಡಿಲ್ಲ. ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: "ಅವರಿಗೆ ಏನನ್ನಿಸ್ತಿತ್ತು ಅಂತ ನಿಮಗೆ ಅನ್ಸುತ್ತೆ?", "ನಿಮಗೆ ಏನನ್ನಿಸಿತು?". ಮೊದಲನೆಯದು ಗುರುತು ಹಿಡಿಯೋದು, ಎರಡನೆಯದು ಅಂಟೋದು. ಅವರು ಅಳ್ತಿದ್ದಾರೆ ಅಂತ ಸರಿಯಾಗಿ ಹೇಳಿ ತಾವು ತಣ್ಣಗೆ ಕೂತಿರೋರು ಬೇಕಾದಷ್ಟು ಜನ ಇರ್ತಾರೆ. ಬರೀ ಮೊದಲನೆಯದು ಕೇಳಿ ಭಾವ ಹರಡಿತು ಅಂತ ಬರೆಯೋದು ದೊಡ್ಡ ತಪ್ಪು.

ಅಂಕಕ್ಕೆ 9 ಮೆಟ್ಟಿಲಿನ ಸ್ಯಾಮ್ ಗೊಂಬೆ ಚಿತ್ರಗಳು (ಭಾವದ ಮಟ್ಟ ತೋರಿಸೋವು) ಸಾಕು. ಪದ ಕೊಡಲೇಬೇಕು ಅಂದರೆ ಎಚ್ಚರ. ಅರೌಸಲ್ ಅನ್ನೋದಕ್ಕೆ ಪಠ್ಯಪುಸ್ತಕದವರು "ಉದ್ರೇಕ" ಅಂತ ಹಾಕ್ತಾರೆ. 19 ವರ್ಷದ ಹುಡುಗನ ಮುಂದೆ ಆ ಪದ ಇಟ್ಟರೆ ಅವನು ಕೊಡೋ ಅಂಕಕ್ಕೂ ನಿಮ್ಮ ಪ್ರಶ್ನೆಗೂ ಸಂಬಂಧ ಇರಲ್ಲ. "ಮೈಮನಸ್ಸು ಎಷ್ಟು ತಣ್ಣಗಿತ್ತು, ಎಷ್ಟು ಚುರುಕಾಗಿತ್ತು" ಅಂತ ಎರಡು ತುದಿ ಬರೀರಿ. "ಬೇಜಾರು" ಇನ್ನೂ ಕಷ್ಟ. ಒಬ್ಬರಿಗೆ ಅದು ದುಃಖ, ಇನ್ನೊಬ್ಬರಿಗೆ ಹೊತ್ತು ಹೋಗದಿರೋದು, ಮತ್ತೊಬ್ಬರಿಗೆ ಸಣ್ಣ ಸಿಟ್ಟು. ದುಃಖಕ್ಕೆ "ಅಳು ಬರೋ ಹಾಗಾಯ್ತು" ಅನ್ನೋದು ಹೆಚ್ಚು ನಿಖರ.

ಯಾರಿಗೆ ಬೇಗ ಅಂಟುತ್ತೆ ಅನ್ನೋದಕ್ಕೆ ಡೊಹರ್ಟಿಯ 15 ಪ್ರಶ್ನೆಗಳ ಪಟ್ಟಿ ಇದೆ, ಕನ್ನಡಕ್ಕೆ ತಂದು ಮತ್ತೆ ಇನ್ನೊಬ್ಬರಿಂದ ಇಂಗ್ಲಿಷಿಗೆ ತಿರುಗಿಸಿ ತಾಳೆ ನೋಡಿ. ಮುಖ ಓದೋ ಶಕ್ತಿ ಅಳೆಯೋಕೆ ನಿಮ್ಹಾನ್ಸ್‌ನಲ್ಲಿ ಭಾರತೀಯ ನಟರ ಮುಖಗಳಿಂದಲೇ ಮಾಡಿದ ಟ್ರೆಂಡ್ಸ್ ಅನ್ನೋ ಸಾಧನ ಇದೆ, ಪರದೇಶದ ಮುಖಗಳಿಗಿಂತ ಹೊಂದುತ್ತೆ.

ಮಿಣುಕುದೀಪ

ಎಫ್‌ನಿರ್ಸ್ (ತಲೆಗೆ ಬೆಳಕು ಬಿಟ್ಟು ಮಿದುಳಿನ ರಕ್ತದ ಏರಿಳಿತ ಅಳೆಯೋದು) ಯಾಕೆ ಬೇಡ? ಸ್ನಾಯು ಗದ್ದಲ ಇಲ್ಲ, ಜೆಲ್ ಇಲ್ಲ, ನಗಬಹುದು.

ಜೆಲ್_ಸಿರಿಂಜ್

ಹಣೆಯ ಮೇಲೆ ಪರವಾಗಿಲ್ಲ. ದಟ್ಟ ಕಪ್ಪು ಕೂದಲಿನ ಅಡಿಗೆ ಬೆಳಕು ಹೋಗೋದು ಬರೋದು ಎರಡೂ ಕಷ್ಟ, ಒಂದೊಂದು ಆಪ್ಟೋಡಿನ (ಬೆಳಕು ಬಿಡೋ, ಹಿಡಿಯೋ ತುದಿಯ) ಕೆಳಗೂ ಕೂದಲು ಬಿಡಿಸ್ತಾ ಕೂತರೆ ಜೆಲ್ಲೇ ವಾಸಿ.

ನಿಧಾನ_ಅಲೆ

ರಕ್ತದ ಪ್ರತಿಕ್ರಿಯೆ ಶಿಖರಕ್ಕೆ ಬರೋಕೆ 5–6 ಸೆಕೆಂಡ್, ಭಾವದ ವೇಗಕ್ಕೆ ಅದು ಸಾಲುತ್ತೆ. ತೊಂದರೆ ಬೇರೆ: ಉಸಿರು 0.2–0.3 ಹರ್ಟ್ಸ್, ರಕ್ತದೊತ್ತಡದ ಅಲೆ 0.1 ಹರ್ಟ್ಸ್, ಎರಡೂ ನೀವು ಹುಡುಕೋ ಜಾಗದಲ್ಲೇ ಕೂತಿವೆ. ಇಬ್ಬರೂ ಒಟ್ಟಿಗೆ ನಿಟ್ಟುಸಿರು ಬಿಟ್ಟರೆ ಮುಗೀತು. ಉಸಿರಿನ ಬೆಲ್ಟ್ ಕಟ್ಟಿ, 8 ಮಿಲಿಮೀಟರಿನ ಹತ್ತಿರದ ಚಾನೆಲ್ ಇಟ್ಟು ಚರ್ಮದ ರಕ್ತವನ್ನ ಕಳೀರಿ.

ಪದಪದರ

ಎಥಿಕ್ಸ್ ಸಮಿತಿಗೆ ಅರ್ಜಿ ಹಾಕುವಾಗ ಒಂದು ಗಂಟು ಬಿಡಿಸಿಕೊಂಡು ಹೋಗಿ. ಒಬ್ಬರು ಅರ್ಧಕ್ಕೆ ಎದ್ದು ಹೋಗ್ತೀನಿ, ನನ್ನ ಡೇಟಾ ಅಳಿಸಿ ಅಂದರೆ ಇನ್ನೊಬ್ಬರದು ಏನಾಗುತ್ತೆ? ಒಪ್ಪಿಗೆ ಪತ್ರದಲ್ಲಿ ಮೊದಲೇ ಬರೀಬೇಕು: ಒಬ್ಬರು ಹಿಂದೆ ಸರಿದರೆ ಜೋಡಿಯ ಲೆಕ್ಕ ಪೂರ್ತಿ ಹೋಗುತ್ತೆ. ಇಬ್ಬರಿಂದಲೂ ಬೇರೆ ಬೇರೆ ಕೋಣೆಯಲ್ಲಿ ಸಹಿ ಹಾಕಿಸಿ, ಗೆಳೆಯ ಎದುರಿಗಿದ್ದರೆ ಬೇಡ ಅನ್ನೋಕೆ ಬಾಯಿ ಬರಲ್ಲ. ಮುಖದ ವಿಡಿಯೊಗೆ ಪ್ರತ್ಯೇಕ ಒಪ್ಪಿಗೆ, ಮೂರನೇ ಸ್ಥಿತಿಯಲ್ಲಿ ಅದನ್ನ ಬೇರೆಯವರಿಗೆ ತೋರಿಸ್ತೀರಿ ಅನ್ನೋದು ಅದರಲ್ಲಿ ಸ್ಪಷ್ಟವಾಗಿರಲಿ. ಐಸಿಎಂಆರ್‌ನ 2017ರ ಮಾರ್ಗಸೂಚಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಎರಡನ್ನೂ ನೋಡ್ಕೊಳ್ಳಿ.

ಆಲ್ಫಾ_ಅಲೆ

ತಿದ್ದಿದ್ದು ಇಷ್ಟು. ಮೂರು ಸ್ಥಿತಿ, ಮುಖ ತೋರಿಸೋ ಕಡೆಯೆಲ್ಲ ತೆರೆ ಮೂಲಕ. 1000 ಸ್ಯಾಂಪಲ್, ಕೆನ್ನೆ-ಹುಬ್ಬಿಗೆ ಸ್ನಾಯು ಚಾನೆಲ್, ಅಂಗೈಗೆ ಬೆವರಿನ ಚಾನೆಲ್. 10 ಸೆಕೆಂಡಿಗೊಂದು ಪಲ್ಸ್, ಆಪ್ಟೊಕಪ್ಲರ್ ಮೂಲಕ. ಮುಖ್ಯ ಅಳತೆ ಆಲ್ಫಾ ಶಕ್ತಿಯ ತಡದ ಹೊಂದಾಣಿಕೆ, ಎರಡನೆಯದು ಸರ್ಕ್ಯುಲರ್ ಕೋರಿಲೇಶನ್, ಆರು ಜಾಗದಲ್ಲಿ ಮಾತ್ರ. 30 ಜೋಡಿ, ಜೋಡಿಗೆ 18 ಸುತ್ತು. ಪಟ್ಟಿ ಕಲಸಿ 5000 ಸಲ. ಮುಂದಿನ ವಾರ ಮೊದಲ ಜೋಡಿ ಕೂರಿಸಬಹುದಾ?

ಟಿಕ್‌ಟಾಕ್_ಗಡಿಯಾರ

ಮೊದಲ ಜೋಡಿ ಕಲ್ಲಂಗಡಿ ಆಗಿರಲಿ. ತಮಾಷೆ ಅಲ್ಲ. ಎರಡು ಕಲ್ಲಂಗಡಿ, ಸಿಪ್ಪೆ ಕರೆಂಟನ್ನ ಸುಲಭಕ್ಕೆ ಬಿಡಲ್ಲ, ಇಲೆಕ್ಟ್ರೋಡ್ ಕೂರೋ ಕಡೆ ಸ್ವಲ್ಪ ಹೆರೆದು ಜೆಲ್ ಹಾಕಿ ಟೋಪಿ ತೊಡಿಸಿ. ಅದೇ ಕುರ್ಚಿ, ಅದೇ ತೆರೆ, ಅದೇ ಎಸಿ, ಅದೇ ಟ್ಯೂಬ್‌ಲೈಟ್. 18 ಸುತ್ತು ಪೂರ್ತಿ ಓಡಿಸಿ, ಡೇಟಾವನ್ನ ಮನುಷ್ಯರದೇ ಅನ್ನೋ ಹಾಗೆ ಕೊನೇ ತನಕ ಸಂಸ್ಕರಿಸಿ. ಮೂರು ದಿನ ಬೇರೆ ಬೇರೆ ಜೋಡಿ ಕೂರಿಸಿದರೆ ಸುಳ್ಳು ಜೋಡಿಯನ್ನೂ ಕಟ್ಟಬಹುದು. ಅಸಲಿ ಕಲ್ಲಂಗಡಿ ಜೋಡಿ ಸುಳ್ಳು ಜೋಡಿಗಿಂತ ಹೆಚ್ಚು ಹೊಂದಿದರೆ ತಂತಿಯಲ್ಲೋ ಕೋಡಿನಲ್ಲೋ ಸೋರಿಕೆ ಇದೆ.

ಗದಗ_ಗ್ಯಾಮಾ

ಹೆರೆಯೋದು ಮೇಲಿನ ಹಸಿರು ಅಷ್ಟ ಹೋಗೋವಷ್ಟು ಹೆರೀರಿ. ಆಳಕ್ಕ ಹೋದ್ರ ನೀರು ಸೋರಿ ಎಲ್ಲಾ ಚಾನೆಲ್ ಒಂದ ಆಗ್ತಾವ.